ಕುದುರೆಯ ಪಕ್ಷ

ಚದುರಂಗವಾಡುವವರಿಗೆಲ್ಲ ಒಂದೊಂದು ಕಾಯಿಯ ಮೇಲೆ ಮೋಹ. ಹೆಚ್ಚಿನವರದು ಮಂತ್ರಿಯ ಪಕ್ಷ. ನನ್ನದು ಕುದುರೆಯ ಪಕ್ಷ. ಮಂತ್ರಿಯ ಈಗಿನ ದರ್ಪ ಹಳೆಯದೇನಲ್ಲ. ಆಟ ನಮ್ಮ ದೇಶದಿಂದ ಪರ್ಷಿಯಕ್ಕೆ, ಅಲ್ಲಿಂದ ಅರಬರಿಗೆ ದಾಟಿದಾಗ ಆತ ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ಯುರೋಪಿನಲ್ಲಿ ರಾಣಿಯ ವೇಷ ತೊಟ್ಟು, 15ನೆಯ ಶತಮಾನದ ಕೊನೆಗೆ ಪಟದ ಉದ್ದಗಲಕ್ಕೂ ಓಡಾಡುವ ಅಧಿಕಾರ ಪಡೆದ. ಕುದುರೆಯ ನೆಗೆತವೋ, ಅಂದಿನದೇ.

ಈ ನೆಗೆತಕ್ಕೆ ಕವಿಗಳೂ ಮನಸೋತಿದ್ದಾರೆ. 9ನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಕುದುರೆಯ ನಡೆಯಂತೆ ಅಕ್ಷರಗಳನ್ನು ಹಾರಿ ಹಾರಿ ಓದಬಹುದಾದ ಶ್ಲೋಕವಿದೆ, ಹೇಗೆ ಓದಿದರೂ ಶ್ಲೋಕ ಅದೇ!

ನಾನು ಮರೆಯಲಾರದ ಸವಾರರೆಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. 1868ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ಆ ದೊರೆ 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಮೆಟ್ಟದೆ ಕುದುರೆಯನ್ನು ನಡೆಸುವ ಬಂಧಗಳನ್ನು ರಚಿಸಿದರು. ಕಾಲಹರಣವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಧೈರ್ಯವಿಲ್ಲ. ಹಾಳೆಯ ಮೇಲೆ ಚೌಕ ಗೀಚಿಕೊಂಡು ನಾನೂ ಎಷ್ಟೋ ರಾತ್ರಿ ಯತ್ನಿಸಿದ್ದೇನೆ. ಪ್ರತಿಸಲವೂ ಎಲ್ಲೋ ಮೂಲೆಯಲ್ಲಿ ಒಂದು ಮನೆ ಉಳಿದುಬಿಡುತ್ತದೆ.