ಇಟ್ಟಿಗೆಗೆ ಹೆಸರಿಟ್ಟವರು: ಲೆಗೋ ಬಳಗದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಆಟಿಕೆ ಇದೆ. ಇನ್ನೂ ಸರಿಯಾಗಿ ಹೇಳ್ಬೇಕು ಅಂದ್ರೆ, ಆಟಿಕೆ ಬಗ್ಗೆ ರಾತ್ರಿಯೆಲ್ಲಾ ಹರಟೆ ಹೊಡೀತಿದ್ದ ದೊಡ್ಡವರ ಕಥೆ ಇದು.

ನಿಮ್ಮಲ್ಲಿ ಕೆಲವರು ಹಾಟ್ ವೀಲ್ಸ್ ಗ್ರೂಪಲ್ಲೋ, ಆಕ್ಷನ್ ಫಿಗರ್ ಗ್ರೂಪಲ್ಲೋ ಇರಬಹುದು. "ಇಷ್ಟು ವಯಸ್ಸಾಯ್ತು, ಇನ್ನೂ ಆಟದ ಸಾಮಾನಾ?" ಅನ್ನೋ ಮಾತು ಮನೇಲಿ ಕೇಳಿರ್ತೀರಿ. ಈ ಬಳಗಗಳನ್ನ ಒಟ್ಟಿಗೆ ಹಿಡಿದಿಡೋದು ಏನು ಅಂತ ನನಗೆ ಬಹಳ ದಿನದಿಂದ ಕುತೂಹಲ. ಸಾಮಾನು ಕೊಳ್ಳೋ ಹುಚ್ಚು ಅಂತ ಸುಲಭವಾಗಿ ಹೇಳಿಬಿಡಬಹುದು. ಆದ್ರೆ ಲೆಗೋ ಪ್ರಿಯರ ಇತಿಹಾಸ ಓದ್ತಾ ಹೋದ ಹಾಗೆ ನನಗೆ ಬೇರೆಯೇ ಉತ್ತರ ಸಿಕ್ತು. ಅವರನ್ನ ಕಟ್ಟಿಹಾಕಿದ್ದು ಒಂದು ಪಟ್ಟಿ. ಹೌದು, ಬರೀ ಪಟ್ಟಿ. ಆ ಪಟ್ಟಿಯನ್ನ ಶುರು ಮಾಡಿದವರಲ್ಲಿ ಇಬ್ಬರು ಸಣ್ಣ ವಯಸ್ಸಲ್ಲೇ ತೀರಿಕೊಂಡರು. ಪಟ್ಟಿ ಮಾತ್ರ ಇವತ್ತಿಗೂ ಬೆಳೀತಾನೇ ಇದೆ.

ಮೊದಲು ಆಟಿಕೆಯ ಕಥೆ, ಚುಟುಕಾಗಿ. ಡೆನ್ಮಾರ್ಕಿನ ಬಿಲುಂಡ್ ಅನ್ನೋ ಸಣ್ಣ ಊರು. ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಅಂತ ಒಬ್ಬ ಬಡಗಿ. 1932ರ ಆರ್ಥಿಕ ಮುಗ್ಗಟ್ಟಲ್ಲಿ ಮನೆ ಕಟ್ಟೋ ಕೆಲಸ ಸಿಗದೆ ಮರದ ಆಟಿಕೆ ಮಾಡೋಕೆ ಶುರು ಮಾಡಿದ. ಪ್ಲಾಸ್ಟಿಕ್ ಇಟ್ಟಿಗೆ ಬಂದಿದ್ದು 1949ರಲ್ಲಿ. ಇವತ್ತು ನಾವು ನೋಡೋ ರೂಪಕ್ಕೆ, ಅಂದ್ರೆ ಮೇಲೆ ಗುಂಡಿ, ಒಳಗೆ ಕೊಳವೆ ಇರೋ ಇಟ್ಟಿಗೆಗೆ, ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. 1958ರ ಇಟ್ಟಿಗೆ ಇವತ್ತಿನ ಇಟ್ಟಿಗೆ ಮೇಲೆ ಸರಿಯಾಗಿ ಕೂರುತ್ತೆ. ಇದನ್ನ ನೆನಪಲ್ಲಿಟ್ಕೊಳ್ಳಿ. ಅಜ್ಜನ ಡಬ್ಬಿಯಲ್ಲಿರೋದು ಮೊಮ್ಮಗನ ಡಬ್ಬಿಗೂ ಹೊಂದುತ್ತೆ ಅಂದ್ರೆ, ಯಾವುದೂ ಹಳೇದಾಗಲ್ಲ, ಯಾವುದನ್ನೂ ಬಿಸಾಡೋ ಹಾಗಿಲ್ಲ.

ಈಗ 1990ರ ದಶಕಕ್ಕೆ ಬರೋಣ. ಇಂಟರ್ನೆಟ್ ಇನ್ನೂ ಬಹುಪಾಲು ಅಕ್ಷರಗಳದ್ದೇ. ಯೂಸ್‌ನೆಟ್ ಅಂತ ಒಂದು ಚರ್ಚೆಯ ಜಾಲ ಇತ್ತು. ಒಂದೊಂದು ವಿಷಯಕ್ಕೆ ಒಂದೊಂದು ಗುಂಪು. ಅಲ್ಲಿ ಲೆಗೋ ಗುಂಪುಗಳೂ ಹುಟ್ಟಿಕೊಂಡವು. ಸೇರಿದವರಲ್ಲಿ ತುಂಬಾ ಜನ ಎಂಜಿನಿಯರ್‌ಗಳು, ಪ್ರೋಗ್ರಾಮರ್‌ಗಳು, ಕಾಲೇಜು ಹುಡುಗರು. ಆಗ ಇಂಟರ್ನೆಟ್ ಇದ್ದಿದ್ದೇ ಅಂಥವರ ಹತ್ರ. ಲೆಗೋ ಅಂದ್ರೆ ಮಕ್ಕಳ ವಸ್ತು ಅಂತ ಲೋಕ ನಂಬಿದ್ದ ಕಾಲ. ದೊಡ್ಡವನೊಬ್ಬ ಅಂಗಡಿಗೆ ಹೋಗಿ ಡಬ್ಬಿ ಕೊಳ್ಳೋವಾಗ "ಮಗುಗೆ" ಅಂತ ಸುಳ್ಳು ಹೇಳೋದು ಆ ಬಳಗದ ಹಳೇ ತಮಾಷೆಗಳಲ್ಲೊಂದು.

ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಭಾಷೆ. ಬಾಲ್ಯದಲ್ಲಿ ಆಟ ಬಿಟ್ಟು, ದೊಡ್ಡವರಾದ ಮೇಲೆ ಮತ್ತೆ ಹಿಡಿಯೋ ತನಕದ ಖಾಲಿ ವರ್ಷಗಳಿಗೆ "ಡಾರ್ಕ್ ಏಜಸ್" ಅಂತ ಹೆಸರಿಟ್ಟರು. ಕತ್ತಲ ಯುಗ! ತಮ್ಮನ್ನ ತಾವು "ಏಫೋಲ್" ಅಂತ ಕರ್ಕೊಂಡ್ರು. ಲೆಗೋದ ವಯಸ್ಕ ಅಭಿಮಾನಿ ಅನ್ನೋದರ ಇಂಗ್ಲಿಷ್ ಮೊದಲಕ್ಷರಗಳು ಅವು. ಸ್ವಂತ ಕಲ್ಪನೆಯಿಂದ ಕಟ್ಟಿದ್ದು "ಮಾಕ್". ಬಂಡೆ ತೋರಿಸೋಕೆ ಕಂಪನಿ ಮಾಡಿದ ದೊಡ್ಡ ಗಡ್ಡೆಯಂಥ ತುಂಡಿಗೆ "ಬರ್ಪ್", ಅಂದ್ರೆ ತೇಗು. ದೊಡ್ಡ ಕುರೂಪಿ ಬಂಡೆ ಅನ್ನೋದನ್ನ ಹಾಗೆ ಚಿಕ್ಕದು ಮಾಡಿದ್ರು. ಹೊರಗಿನವರಿಗೆ ಇದೆಲ್ಲ ಹುಡುಗಾಟ. ಒಳಗಿದ್ದವರಿಗೆ, "ನನ್ನ ಹಾಗೇ ಇನ್ನೊಬ್ಬ ಇದಾನೆ" ಅನ್ನೋ ಸಮಾಧಾನ.

ಆದ್ರೆ ಒಂದು ತೊಂದರೆ ಇತ್ತು. ಗುಂಪಿನಲ್ಲಿ ಇದ್ದಿದ್ದು ಬರೀ ಅಕ್ಷರ. ಫೋಟೊ ಹಂಚೋದು ಕಷ್ಟ. ನಾನು ಒಂದು ಕೋಟೆ ಕಟ್ಟಿದೀನಿ ಅಂದ್ರೆ ಅದನ್ನ ಮಾತಲ್ಲೇ ವರ್ಣಿಸಬೇಕು. "ಒಂದು ಕಡೆ ಗುಂಡಿ ಒಳಗೆ ಹೋಗಿರುತ್ತಲ್ಲ, ಆ ಚಿಕ್ಕ ತುಂಡು" ಅಂದ್ರೆ ಸಾವಿರಾರು ಮೈಲಿ ದೂರದಲ್ಲಿರೋನಿಗೆ ಯಾವ ತುಂಡು ಅಂತ ಹೇಗೆ ಗೊತ್ತಾಗಬೇಕು? ಕಂಪನಿಯ ಒಳಗಿನ ಹೆಸರುಗಳು ಇವರಿಗೆ ಗೊತ್ತಿಲ್ಲ. ಹಾಗಾಗಿ ತಾವೇ ಹೆಸರಿಡಬೇಕಾಯ್ತು. ಆ ತುಂಡಿಗೆ ಕೆಲವರು "ಹೆಡ್‌ಲೈಟ್ ಇಟ್ಟಿಗೆ" ಅಂದ್ರು. ಕಾರಿನ ದೀಪ ಕೂರಿಸೋಕೆ ಅದು ಸರಿಹೋಗ್ತಿತ್ತು. ಇನ್ನು ಕೆಲವರು "ಎರ್ಲಿಂಗ್" ಅಂದ್ರು. ಅದನ್ನ ವಿನ್ಯಾಸ ಮಾಡಿದ ಲೆಗೋ ಕಲಾವಿದನ ಹೆಸರು ಎರ್ಲಿಂಗ್ ಡಿಡೆರಿಕ್ಸನ್ ಅಂತ. ಯಾವ ಹೆಸರು ಸರಿ ಅಂತ ವಾದ ಮಾಡೋದೇ ಒಂದು ಖುಷಿ.

ಇಲ್ಲಿಗೆ ಬರ್ತಾನೆ ಜೇಮ್ಸ್ ಜೆಸ್ಸಿಮನ್. ಆಸ್ಟ್ರೇಲಿಯಾದ ಹುಡುಗ. 1995ರಲ್ಲಿ ಅವನು ಎಲ್‌ಡ್ರಾ ಅನ್ನೋ ಸಾಫ್ಟ್‌ವೇರ್ ಬರೆದ. ಡಾಸ್ ಕಂಪ್ಯೂಟರ್‌ನಲ್ಲಿ ಲೆಗೋ ಕಟ್ಟೋ ಪ್ರೋಗ್ರಾಂ. ಅದನ್ನ ಎಲ್ಲರಿಗೂ ಉಚಿತವಾಗಿ ಕೊಟ್ಟುಬಿಟ್ಟ.

ಅದರ ಜಾಣತನ ಎಲ್ಲಿತ್ತು ಗೊತ್ತಾ? ಸರಳತೆಯಲ್ಲಿ. ಕಟ್ಟಿದ ಮಾದರಿ ಅಂದ್ರೆ ಒಂದು ಸಾದಾ ಅಕ್ಷರದ ಫೈಲ್. ಒಂದು ಸಾಲಿಗೆ ಒಂದು ತುಂಡು: ಬಣ್ಣದ ನಂಬರ್, ಅದು ಇರೋ ಜಾಗ, ಯಾವ ಕಡೆ ತಿರುಗಿದೆ ಅನ್ನೋದು, ಕೊನೆಗೆ ತುಂಡಿನ ನಂಬರ್. ಅಳತೆಗೂ ಒಂದು ಉಪಾಯ ಮಾಡಿದ್ದ. ನಿಜವಾದ ಇಟ್ಟಿಗೆಯಲ್ಲಿ ಒಂದು ಗುಂಡಿಯಿಂದ ಇನ್ನೊಂದಕ್ಕೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳು ತಟ್ಟೆಯ ಎತ್ತರ 3.2. ಜೇಮ್ಸ್ 0.4 ಮಿಲಿಮೀಟರನ್ನ ಒಂದು ಮಾನ ಅಂತ ಇಟ್ಕೊಂಡ. ಆಗ ಅವು 20, 24, 8 ಆದವು. ದಶಮಾಂಶದ ಗೋಜೇ ಇಲ್ಲ! ಅಕ್ಷರದ ಫೈಲ್ ಆದ್ದರಿಂದ ಅದನ್ನ ಚರ್ಚಾ ಗುಂಪಿಗೆ ಹಾಗೇ ಅಂಟಿಸಬಹುದಿತ್ತು. ಆಸ್ಟ್ರೇಲಿಯಾದಲ್ಲಿ ಕಟ್ಟಿದ್ದನ್ನ ಅಮೆರಿಕದಲ್ಲಿ ಕೂತವನು ತನ್ನ ಪರದೆ ಮೇಲೆ ತಿರುಗಿಸಿ ನೋಡಬಹುದಿತ್ತು.

1997ರ ಜುಲೈನಲ್ಲಿ ಜೇಮ್ಸ್ ತೀರಿಕೊಂಡ. ದಿಢೀರನೆ ಬಂದ ತೀವ್ರ ಫ್ಲೂ. ಇನ್ನೂ ಮೂವತ್ತೂ ತುಂಬಿರಲಿಲ್ಲ.

ಸ್ವಲ್ಪ ಯೋಚಿಸಿ. ಅವನನ್ನ ಅಕ್ಷರದಲ್ಲಿ ಮಾತ್ರ ಬಲ್ಲ ಜನ ಅವರು. ಒಬ್ಬನೇ ಬರೆದ ಪ್ರೋಗ್ರಾಂ ಅದು, ಬರೆದವನೇ ಇಲ್ಲ. ಅಂಥ ಸಾಫ್ಟ್‌ವೇರ್ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತೆ. ಇದು ಮುಗಿಯಲಿಲ್ಲ. ತುಂಡುಗಳನ್ನ ಒಂದೊಂದಾಗಿ ಸ್ಕೇಲ್ ಹಿಡಿದು ಅಳೆದು, ಗೆರೆಗೆರೆಯಾಗಿ ಬರೆದು ಸೇರಿಸೋ ಕೆಲಸವನ್ನ ಉಳಿದವರು ಕೈಗೆತ್ತಿಕೊಂಡರು. ಒಬ್ಬ ಬರೆದದ್ದನ್ನ ಇನ್ನೊಬ್ಬರು ಪರೀಕ್ಷೆ ಮಾಡಿ ಒಪ್ಪಬೇಕು ಅನ್ನೋ ಪದ್ಧತಿ ಬಂತು. ಸಂಬಳ ಇಲ್ಲ. ಜೇಮ್ಸ್ ಹೆಸರಲ್ಲಿ ಬಳಗ ಒಂದು ಪ್ರಶಸ್ತಿಯನ್ನೂ ಇಟ್ಟಿತು. 1998ರಲ್ಲಿ ಸುಜಾನ್ ರಿಚ್ ಮತ್ತು ಟಾಡ್ ಲೇಮನ್ ಶುರು ಮಾಡಿದ ಲಗ್‌ನೆಟ್ ಈ ಹರಟೆಗೆಲ್ಲ ಒಂದು ಮನೆ ಕಟ್ಟಿಕೊಟ್ಟಿತು.

ಎರಡನೇ ಹೆಸರು ಡ್ಯಾನ್ ಜೆಜೆಕ್. ಪ್ರೋಗ್ರಾಮರ್. 2000ನೇ ಇಸವಿಯಲ್ಲಿ ಬ್ರಿಕ್‌ಬೇ ಅನ್ನೋ ಆನ್‌ಲೈನ್ ಸಂತೆ ಶುರು ಮಾಡಿದ. ಮುಂದೆ ಅದೇ ಬ್ರಿಕ್‌ಲಿಂಕ್ ಆಯ್ತು. ಇಡೀ ಡಬ್ಬಿ ಕೊಳ್ಳೋ ಬದಲು ಬೇಕಾದ ತುಂಡನ್ನ ಮಾತ್ರ, ಬೇಕಾದ ಬಣ್ಣದಲ್ಲಿ, ಬೇಕಾದಷ್ಟು ಕೊಳ್ಳೋ ಜಾಗ. ಕಳೆದುಹೋದ ಒಂದು ಚಕ್ರ ಬೇಕಾ? ಯಾವುದೋ ದೇಶದಲ್ಲಿ ಯಾರೋ ತಮ್ಮ ಮನೇಲಿ ಡಬ್ಬಿಗಳಲ್ಲಿ ಬೇರ್ಪಡಿಸಿ ಇಟ್ಟಿರ್ತಾರೆ. ಮಾರೋ ಕೊಳ್ಳೋ ಇಬ್ಬರಿಗೂ ಅದೇ ತುಂಡು, ಅದೇ ಬಣ್ಣ ಅಂತ ಗ್ಯಾರಂಟಿ ಬೇಕಲ್ಲ? ಅದಕ್ಕೆ ಮತ್ತೆ ಪಟ್ಟಿ ಬೇಕಾಯ್ತು. ಸದಸ್ಯರೇ ಹಳೇ ಸೆಟ್‌ಗಳ ಡಬ್ಬಿ ಬಿಚ್ಚಿ, ಒಳಗಿನ ತುಂಡು ಎಣಿಸಿ, ಯಾವ ಸೆಟ್‌ನಲ್ಲಿ ಏನೇನಿದೆ ಅಂತ ಬರೆದು ಹಾಕಿದರು.

2010ರಲ್ಲಿ ಡ್ಯಾನ್ ಕೂಡ ತೀರಿಕೊಂಡ. ಅವನದೂ ಸಾಯೋ ವಯಸ್ಸಲ್ಲ. ಸಂತೆ ಮುಚ್ಚಬೇಕಿತ್ತು. ಅವನ ತಾಯಿ ಅದನ್ನ ಕೈಬಿಡಲಿಲ್ಲ, ಸದಸ್ಯರೂ ಬಿಡಲಿಲ್ಲ. 2013ರಲ್ಲಿ ಅದು ದಕ್ಷಿಣ ಕೊರಿಯಾದ ಉದ್ಯಮಿ ಕಿಮ್ ಜುಂಗ್-ಜು ಅವರ ಕೈಗೆ ಹೋಯ್ತು.

ಇಷ್ಟೆಲ್ಲ ಆಗ್ತಿದ್ದಾಗ ಬಿಲುಂಡ್‌ನ ಕಂಪನಿ ಏನು ಮಾಡ್ತಿತ್ತು? ಮೊದಮೊದಲು ಈ ದೊಡ್ಡವರನ್ನ ಏನು ಮಾಡೋದು ಅಂತಲೇ ಅದಕ್ಕೆ ತೋಚಿರಲಿಲ್ಲ. 1998ರಲ್ಲಿ ಮೈಂಡ್‌ಸ್ಟಾರ್ಮ್ಸ್ ರೋಬೋ ಕಿಟ್ ಬಂತು. ಕೆಲವೇ ವಾರಗಳಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ಕೆಕೋವಾ ಪ್ರೌಡ್‌ಫುಟ್ ಅದರ ಒಳಗುಟ್ಟನ್ನ ಬಿಡಿಸಿ ಎಲ್ಲರ ಮುಂದಿಟ್ಟ. ಕೋರ್ಟಿಗೆ ಹೋಗೋದಾ ಅಂತ ಕಂಪನಿ ಯೋಚಿಸಿ, ಕೊನೆಗೆ ಸುಮ್ಮನಾಯ್ತು. ಅಷ್ಟೇ ಅಲ್ಲ, ಹೀಗೆ ಬಿಚ್ಚಿ ಬದಲಿಸೋಕೆ ಬಳಕೆದಾರರಿಗೆ ಅನುಮತಿಯನ್ನೂ ಕೊಟ್ಟಿತು. ಅದೇ 1998ರಲ್ಲಿ ಕಂಪನಿ ತನ್ನ ಇತಿಹಾಸದಲ್ಲೇ ಮೊದಲ ಸಲ ನಷ್ಟ ಕಂಡಿತ್ತು. 2003ರ ನಷ್ಟ ಇನ್ನೂ ದೊಡ್ಡದು, ಬಾಗಿಲು ಮುಚ್ಚೋ ಮಾತು ಬರೋಷ್ಟು.

ಅಂಥ ಹೊತ್ತಲ್ಲೇ, 2004ರಲ್ಲಿ, ಕಂಪನಿ ಬೂದು ಮತ್ತು ಕಂದು ಬಣ್ಣಗಳನ್ನ ಬದಲಿಸಿತು. ಬೂದಿಗೆ ಸ್ವಲ್ಪ ನೀಲಿ ಛಾಯೆ ಬಂತು, ಅಷ್ಟೇ. ಮಗುಗೆ ಗೊತ್ತೂ ಆಗಲ್ಲ. ಬಳಗ ಮಾತ್ರ ಕೆರಳಿತು! ಯಾಕೆ ಅಂದ್ರೆ ಕೋಟೆ, ಆಕಾಶನೌಕೆ ಎಲ್ಲ ಬೂದು ಬಣ್ಣದವೇ. ವರ್ಷಗಟ್ಟಲೆ ಕೂಡಿಟ್ಟು ಅರ್ಧ ಗೋಡೆ ಕಟ್ಟಿದವನಿಗೆ ಉಳಿದರ್ಧಕ್ಕೆ ಹೊಂದೋ ಇಟ್ಟಿಗೆಯೇ ಅಂಗಡೀಲಿ ಇಲ್ಲ. ಹಳೇದು ಹೊಸದಕ್ಕೆ ಹೊಂದುತ್ತೆ ಅನ್ನೋ ನಂಬಿಕೆಗೇ ಪೆಟ್ಟು. ಹೊಸ ಬಣ್ಣಕ್ಕೆ ಅವರು "ಬ್ಲೇ" ಅಂತ ಹೆಸರಿಟ್ಟರು. ಬ್ಲೂ ಮತ್ತು ಗ್ರೇ ಸೇರಿ ಬ್ಲೇ. ಸಿಟ್ಟಲ್ಲೂ ಹೆಸರಿಡೋ ಅಭ್ಯಾಸ ಬಿಡಲಿಲ್ಲ ನೋಡಿ. ಬಣ್ಣ ಹಿಂದಕ್ಕೆ ಬರಲಿಲ್ಲ. ಆದ್ರೆ ಈ ಜನ ಎಷ್ಟು ಹತ್ತಿರದಿಂದ ನೋಡ್ತಿದಾರೆ ಅನ್ನೋದು ಆ ಗಲಾಟೆಯಲ್ಲಿ ಎಲ್ಲರಿಗೂ ಕಾಣಿಸ್ತು.

ಅದೇ ವರ್ಷ ಯಾರ್ಗನ್ ವಿಗ್ ಕ್ನೂಡ್‌ಸ್ಟಾರ್ಪ್ ಸಿಇಒ ಆದರು. ಮಾಲೀಕರ ಕುಟುಂಬದವರಲ್ಲ. ಮುಂದಿನ ಮೈಂಡ್‌ಸ್ಟಾರ್ಮ್ಸ್ ಮಾಡೋಕೆ ಕಂಪನಿ ಗುಟ್ಟಾಗಿ ನಾಲ್ಕು ಜನ ಅಭಿಮಾನಿಗಳನ್ನ ಕರೀತು. ಅವರು ಡೆನ್ಮಾರ್ಕಿಗೆ ಹೋದದ್ದು ಸ್ವಂತ ದುಡ್ಡಿನ ವಿಮಾನ ಟಿಕೆಟ್‌ನಲ್ಲಿ. ಕೂಲಿಯಾಗಿ ಸಿಕ್ಕಿದ್ದು ಲೆಗೋ! ಆ ಕಿಟ್ 2006ರಲ್ಲಿ ಅಂಗಡಿಗೆ ಬಂತು.

2019ರಲ್ಲಿ ಲೆಗೋ ಕಂಪನಿ ಬ್ರಿಕ್‌ಲಿಂಕನ್ನೇ ಕೊಂಡಿತು. ಆಗ ಅಲ್ಲಿ 10 ಲಕ್ಷಕ್ಕೂ ಹೆಚ್ಚು ಸದಸ್ಯರು, ಸುಮಾರು 70 ದೇಶಗಳ 10 ಸಾವಿರಕ್ಕೂ ಹೆಚ್ಚು ಅಂಗಡಿಗಳು. ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ನಾವು ಪುಕ್ಕಟೆಯಾಗಿ ಬರೆದ ಪಟ್ಟಿ ಈಗ ಕಂಪನಿಯ ಆಸ್ತಿ ಆಗೋಯ್ತಲ್ಲ ಅನ್ನೋ ಅಸಮಾಧಾನ ಇತ್ತು. ಬೇರೆಯವರು ಮಾಡಿದ ಹೊಂದಾಣಿಕೆಯ ತುಂಡುಗಳನ್ನ ಅಲ್ಲಿ ಮಾರೋಕೆ ತಡೆ ಬಿತ್ತು. ಅದರಿಂದ ಹೊಟ್ಟೆ ಹೊರೀತಿದ್ದ ಸಣ್ಣ ಮಾರಾಟಗಾರರಿಗೆ ಅದು ನಿಜವಾದ ಹೊಡೆತ. ನನ್ನ ಅಭಿಪ್ರಾಯ ಕೇಳಿದ್ರೆ, ಈ ಸಿಟ್ಟು ನ್ಯಾಯವಾದದ್ದೇ. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಬೆಲೆ ಕಟ್ಟೋವಾಗ, ಮಾಡಿದವರ ಮಾತಿಗೂ ಅಲ್ಲಿ ಜಾಗ ಇರಬೇಕು.

ಆದ್ರೂ ಒಂದು ವಿಷಯವನ್ನ ಯಾರೂ ಕೊಳ್ಳೋಕಾಗಲ್ಲ. ಬ್ರಿಕ್‌ಲಿಂಕ್‌ನ ಸ್ಟುಡಿಯೋ ಅನ್ನೋ ವಿನ್ಯಾಸದ ಸಾಫ್ಟ್‌ವೇರ್ ಇದೆ. 2022ರಲ್ಲಿ ಲೆಗೋ ತನ್ನದೇ ಹಳೇ ಸಾಫ್ಟ್‌ವೇರ್ ಬಿಟ್ಟು ಇದನ್ನ ಅಧಿಕೃತ ಮಾಡ್ಕೊಂಡಿತು. ಅದರ ಬುಡದಲ್ಲಿರೋದು ಜೇಮ್ಸ್ ಜೆಸ್ಸಿಮನ್‌ನ ಎಲ್‌ಡ್ರಾ ತುಂಡುಗಳ ಭಂಡಾರ. ಅಭಿಮಾನಿಗಳು ಬರೆದದ್ದು, ಇವತ್ತಿಗೂ ಯಾರು ಬೇಕಾದ್ರೂ ಉಚಿತವಾಗಿ ಇಳಿಸಿಕೊಳ್ಳಬಹುದು.

ಹಾಗೆ ಇಳಿಸಿಕೊಂಡ್ರೆ, ಅದರಲ್ಲಿ 3001 ನಂಬರಿನ ಫೈಲ್ ಹುಡುಕಿ. ಎಲ್ಲರಿಗೂ ಗೊತ್ತಿರೋ ಆ ಎಂಟು ಗುಂಡಿಯ ಇಟ್ಟಿಗೆ ಅದು. ನೋಟ್‌ಪ್ಯಾಡಲ್ಲಿ ತೆರೀರಿ. ಮೊದಲ ಸಾಲಲ್ಲಿ ಇಟ್ಟಿಗೆಯ ಹೆಸರು, ಅದರ ಕೆಳಗೆ ಫೈಲ್ ನಂಬರ್, ಅದರ ಕೆಳಗೆ ಬರೆದವರ ಹೆಸರು: ಜೇಮ್ಸ್ ಜೆಸ್ಸಿಮನ್. ಬೇರೆ ತುಂಡುಗಳ ಫೈಲ್‌ಗಳಲ್ಲಿ ಬೇರೆ ಬೇರೆಯವರ ಹೆಸರು. ಯಾರು ಅಳೆದರು, ಯಾರು ತಿದ್ದಿದರು ಅನ್ನೋದು ಅಲ್ಲೇ ಬರೆದಿದೆ.

ನಿಮ್ಮ ಗ್ರೂಪಲ್ಲೂ ಇಂಥ ಒಬ್ಬರು ಇರ್ತಾರೆ. ಯಾವ ಕಾರು ಯಾವ ವರ್ಷದ್ದು, ಯಾವುದು ಅಸಲಿ, ಯಾವುದು ನಕಲಿ ಅಂತ ತಾಳ್ಮೆಯಿಂದ ಶೀಟಲ್ಲಿ ತುಂಬಿಸಿ, ಹೊಸಬರು ಅದೇ ಪ್ರಶ್ನೆಯನ್ನ ನೂರನೇ ಸಲ ಕೇಳಿದ್ರೂ ಬೇಜಾರಾಗದೆ ಉತ್ತರ ಕೊಡೋರು. ಗ್ರೂಪ್ ನಿಂತಿರೋದು ಅವರ ಮೇಲೆ. ಆ ಶೀಟಿನ ಒಂದು ಕಾಪಿ ನೀವೂ ಇಟ್ಕೊಂಡಿರಿ. ಮೊದಲ ಸಾಲಲ್ಲಿ ಅವರ ಹೆಸರು ಬರೀರಿ.