ತಾರೀಖು ಅಲಂಕಾರ ಮತ್ತು ಬೀದರ್ ಮದರಸಾದ ಕಾಲನಿರ್ಣಯ

ಅಕ್ಷರಗಳ ಬೆಲೆ ಕೂಡಿಸಿದರೆ ಘಟನೆಯ ವರ್ಷ ಸಿಗುವಂತೆ ಮಾತು ಕಟ್ಟುವುದಕ್ಕೆ ಫಾರ್ಸಿ ಕಾವ್ಯಪರಂಪರೆಯಲ್ಲಿ ‘ತಾರೀಖು’ ಎಂದು ಹೆಸರು. ನಮ್ಮ ಶಾಸನಗಳ ಭೂತಸಂಖ್ಯೆ ಇದಕ್ಕೆ ಹತ್ತಿರದ್ದು. ಅಲ್ಲಿ ಚಂದ್ರ ಎಂದರೆ ಒಂದು, ವೇದ ಎಂದರೆ ನಾಲ್ಕು. ಆದರೆ ಭೂತಸಂಖ್ಯೆಯಲ್ಲಿ ಪದದ ಅರ್ಥ ಸಂದರ್ಭಕ್ಕೆ ಹೊಂದಲೇಬೇಕೆಂದಿಲ್ಲ. ಉತ್ತಮ ತಾರೀಖಿನಲ್ಲಿ ಲೆಕ್ಕವೂ ಅರ್ಥವೂ ಒಟ್ಟಿಗೆ ಕೂಡಬೇಕು. ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದರಸಾದ ಕಾಲವನ್ನು ಹೇಳುವವರು ಬಹುಮಟ್ಟಿಗೆ ಮರೆತಿರುವುದು ಈ ಎರಡನೆಯ ನಿಯಮವನ್ನೇ.

ಮದರಸಾ ಕುರಿತ ತಾರೀಖು ಕುರ್‌ಆನಿನ ಮೂರು ಪದಗಳ ಪ್ರಾರ್ಥನೆ, ‘ರಬ್ಬನಾ ತಕಬ್ಬಲ್ ಮಿನ್ನಾ’. ಮೊದಲ ಪದದಲ್ಲಿ ರೇ 200, ಬೇ 2, ನೂನ್ 50, ಅಲಿಫ್ 1: ಒಟ್ಟು 253. ಎರಡನೆಯದರಲ್ಲಿ ತೇ 400, ಕಾಫ್ 100, ಬೇ 2, ಲಾಮ್ 30: ಒಟ್ಟು 532. ಮೂರನೆಯದರಲ್ಲಿ ಮೀಮ್ 40, ನೂನ್ 50, ಅಲಿಫ್ 1: ಒಟ್ಟು 91. ಮೂರೂ ಸೇರಿ ಹಿಜರಿ 876. ಮೂರು ಪದಗಳಲ್ಲೂ ಒತ್ತಿ ಹೇಳುವ ಒಂದೊಂದು ಅಕ್ಷರವಿದೆ. ತಾರೀಖಿನಲ್ಲಿ ಎಣಿಕೆ ಬರಹಕ್ಕೇ ಹೊರತು ಉಚ್ಚಾರಣೆಗಲ್ಲ, ಆದ್ದರಿಂದ ಒತ್ತನ್ನು ಬೇರೆಯಾಗಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಿಡಿದರೆ ಮೊತ್ತ 930 ಆಗಿ, 1481ರಲ್ಲಿ ಗವಾನ್ ಸತ್ತು ನಾಲ್ಕು ದಶಕ ಕಳೆದ ಮೇಲಿನ ವರ್ಷ ಬರುತ್ತದೆ.

ಪ್ರವಾಸಿ ಕೈಪಿಡಿಗಳು ಇದನ್ನು ‘1472ರಲ್ಲಿ ಕಟ್ಟಡ ಪೂರ್ಣ’ ಎಂದು ಇಳಿಸಿಕೊಂಡಿವೆ. ಹಿಜರಿ 876 ನಡೆದದ್ದು 1471ರ ಜೂನ್‌ನಿಂದ 1472ರ ಜೂನ್‌ವರೆಗೆ. ಅಂದರೆ 1472ರ ಉತ್ತರಾರ್ಧ ಹೇಗೂ ಹೊರಗುಳಿಯುತ್ತದೆ; 1471ರ ಉತ್ತರಾರ್ಧವನ್ನು ಬಿಟ್ಟುಬಿಡಲು ಕಾರಣವೇ ಇಲ್ಲ.

‘ಪೂರ್ಣ’ ಎಂಬ ಮಾತು ಇನ್ನೂ ದುರ್ಬಲ. ಕುರ್‌ಆನಿನ ವಾಕ್ಯವನ್ನು ತನ್ನ ಮಾತಿನೊಳಗೆ ಹೊಂದಿಸುವುದು ‘ಇಕ್ತಿಬಾಸ್’. 1338ರಲ್ಲಿ ತೀರಿಕೊಂಡ ಖತೀಬ್ ಕಜ್ವೀನಿಯ ಅಲಂಕಾರಗ್ರಂಥದಲ್ಲಿ ಇದರ ವಿವೇಚನೆಯಿದೆ. ಇಕ್ತಿಬಾಸ್ ಎದುರಾದಾಗ ಮೂಲದ ಸಂದರ್ಭವನ್ನು ನೋಡಲೇಬೇಕು. ಈ ಪ್ರಾರ್ಥನೆ ಎರಡನೆಯ ಅಧ್ಯಾಯದ 127ನೆಯ ಆಯತಿನದು. ಅಲ್ಲಿ ಇಬ್ರಾಹೀಮ್ ಮತ್ತು ಇಸ್ಮಾಯಿಲ್ ಕಾಬಾದ ಅಡಿಪಾಯವನ್ನು ಎಬ್ಬಿಸುತ್ತಾ, ಈ ಸೇವೆಯನ್ನು ಸ್ವೀಕರಿಸು ಎಂದು ಬೇಡುತ್ತಾರೆ. ಗೋಡೆ ಇನ್ನೂ ಏಳುತ್ತಿರುವ ಹೊತ್ತಿನ ಮಾತು ಅದು. ಮುಗಿದ ಕೆಲಸವನ್ನು ಒಪ್ಪಿಸುವಾಗಲೂ ಇದೇ ಪ್ರಾರ್ಥನೆ ಸಲ್ಲುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೂ ತಾರೀಖೊಂದರಿಂದಲೇ ಸಮಾಪ್ತಿಯನ್ನು ಸಾಧಿಸಲಾಗದು.

ಗವಾನ್ ಆ ವರ್ಷ ಎಲ್ಲಿದ್ದ ಎಂಬುದೂ ಇಲ್ಲಿ ಮುಖ್ಯ. 1469ರಲ್ಲಿ ಆರಂಭವಾದ ಕೊಂಕಣದ ದಂಡಯಾತ್ರೆ ಗೋವೆ ವಶವಾಗುವ 1472ರ ಫೆಬ್ರವರಿವರೆಗೂ ನಡೆಯಿತು. ಹಿಜರಿ 876ರ ಬಹುಪಾಲು ಮದರಸಾದ ಧಣಿ ಬೀದರ್‌ನಲ್ಲಿರಲಿಲ್ಲ. ಸಮಾಪ್ತಿಯನ್ನು ಒಪ್ಪುವುದಾದರೆ ಅದು ಅವನ ಗೈರುಹಾಜರಿಯಲ್ಲಿ ಆಯಿತೆನ್ನಬೇಕು, ಇಲ್ಲವೆ ಅವನು ಮರಳಿದ ನಂತರದ ಕೆಲವೇ ತಿಂಗಳಲ್ಲಿ ಆಯಿತೆನ್ನಬೇಕು.

ಗುಲಾಮ್ ಯಜ್ದಾನಿ ತಮ್ಮ 1947ರ ಗ್ರಂಥದಲ್ಲಿ ಬೀದರ್‌ನ ಕಟ್ಟಡಗಳನ್ನು ಅಳತೆ ಸಹಿತ ದಾಖಲಿಸಿದರು. ಆ ಶ್ರಮಕ್ಕೆ ಸಾಟಿಯಿಲ್ಲ. ಎಚ್.ಕೆ. ಶೇರ್ವಾನಿ 1942ರಲ್ಲಿ ಗವಾನನ ಪತ್ರಸಂಗ್ರಹ ‘ರಿಯಾಜುಲ್ ಇನ್‌ಶಾ’ವನ್ನು ರಾಜಕೀಯ ಇತಿಹಾಸಕ್ಕೆ ದುಡಿಸಿಕೊಂಡರು. ಹಿಂದೆ ಬಿದ್ದದ್ದು ಗವಾನನದೇ ಇನ್ನೊಂದು ಕೃತಿ, ‘ಮನಾಜಿರುಲ್ ಇನ್‌ಶಾ’. ಗದ್ಯರಚನೆ, ವಾಕ್‌ಸೌಷ್ಠವ, ಪತ್ರದ ಪ್ರಕಾರಗಳನ್ನು ಕುರಿತ ಶಾಸ್ತ್ರಗ್ರಂಥ ಅದು. ಮಾತು ಸಂದರ್ಭಕ್ಕೆ ತಕ್ಕಂತಿರಬೇಕೆಂಬ ಅರಬ್ಬಿ-ಫಾರ್ಸಿ ಬಲಾಗತ್ ಶಾಸ್ತ್ರದಲ್ಲಿ ಪಳಗಿದವನ ಕಟ್ಟಡಕ್ಕೆ ಬರೆದ ತಾರೀಖನ್ನು ಬರೀ ಸಂಖ್ಯೆಯಾಗಿ ಓದುವುದು ಅರ್ಧ ಓದು.

ಇಸವಿಯೊಂದನ್ನು ಬರೆಯಲೇಬೇಕಾದಲ್ಲಿ ‘ಹಿಜರಿ 876 (1471–72)’ ಎಂದು ಬರೆಯುವುದು ಸರಿ. ‘ಪೂರ್ಣ’ ಎಂಬ ಪದವನ್ನು ಸೇರಿಸಲು ಬೇರೆ ಆಧಾರ ಬೇಕು.