ತುರಿಕೆಯ ಮಾತ್ರೆ, ಗ್ಯಾಸಿನ ಮಾತ್ರೆ: ಎರಡಕ್ಕೂ ಒಂದೇ ಎದುರಾಳಿ

ಮೈಮೇಲೆ ದದ್ದು ಎದ್ದು ತುರಿಕೆ ಶುರುವಾದರೆ ಮೆಡಿಕಲ್ ಶಾಪಿನಲ್ಲಿ ಅವಿಲ್ ಇಲ್ಲವೇ ಸೆಟ್ರಿಜಿನ್ ಕೊಡುತ್ತಾರೆ. ಎದೆ ಉರಿ, ಹುಳಿ ತೇಗು ಅಂದರೆ ರಾಂಟ್ಯಾಕ್ ಕೊಡುತ್ತಾರೆ. ಒಂದು ಚರ್ಮದ ಔಷಧ, ಇನ್ನೊಂದು ಹೊಟ್ಟೆಯದು ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಎರಡೂ ಎದುರಿಸುವುದು ನಮ್ಮ ದೇಹವೇ ತಯಾರಿಸುವ ಒಂದೇ ವಸ್ತುವನ್ನು. ಅದರ ಹೆಸರು ಹಿಸ್ಟಮಿನ್. ಹಾಗಿದ್ದರೆ ಅವಿಲ್ ನುಂಗಿದರೆ ಎದೆ ಉರಿ ಯಾಕೆ ಹೋಗುವುದಿಲ್ಲ? ವಿಜ್ಞಾನಿಗಳನ್ನೂ ಈ ಪ್ರಶ್ನೆ ಹತ್ತಾರು ವರ್ಷ ಕಾಡಿತ್ತು.

ಕತೆ ಶುರುವಾಗುವುದು ಹೊಲದಿಂದ. ಸಜ್ಜೆ ಬೆಳೆಯುವವರು ನೋಡಿರುತ್ತಾರೆ, ಕೆಲವು ವರ್ಷ ತೆನೆಯಿಂದ ಜೇನಿನಂಥ ಅಂಟು ಸೋರುತ್ತದೆ, ಆಮೇಲೆ ಕಾಳಿನ ಜಾಗದಲ್ಲಿ ಕಪ್ಪಗೆ ಗಟ್ಟಿಯಾದ ಏನೋ ಬೆಳೆಯುತ್ತದೆ. ಅದು ಎರ್ಗಾಟ್ ಎಂಬ ಶಿಲೀಂಧ್ರ. ಅದರದೇ ಕುಲದ ಇನ್ನೊಂದು ಶಿಲೀಂಧ್ರ ಯುರೋಪಿನಲ್ಲಿ ರೈ ಎಂಬ ಧಾನ್ಯಕ್ಕೆ ತಗಲುತ್ತದೆ. ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಜೊತೆಗಾರರು ಈ ಎರ್ಗಾಟಿನ ಸಾರವನ್ನು ಪರೀಕ್ಷಿಸುತ್ತಿದ್ದಾಗ, 1910ರಲ್ಲಿ ಅದರಲ್ಲಿ ಹಿಸ್ಟಮಿನ್ ಸಿಕ್ಕಿತು. ಪ್ರಾಣಿಗಳಿಗೆ ಚುಚ್ಚಿದರೆ ರಕ್ತದೊತ್ತಡ ಕುಸಿಯುತ್ತಿತ್ತು, ಉಸಿರಿನ ದಾರಿ ಬಿಗಿಯುತ್ತಿತ್ತು. ಇದು ಪ್ರಾಣಿಗಳ ಶ್ವಾಸಕೋಶ ಮತ್ತು ಯಕೃತ್ತಿನಲ್ಲಿ ಸಹಜವಾಗಿಯೇ ಇರುತ್ತದೆ ಎಂದು ಡೇಲ್ ತಂಡ ತೋರಿಸಿದ್ದು 1927ರಲ್ಲಿ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಆಗ ಪೋಲೆಂಡಿನಲ್ಲಿದ್ದ, ಈಗ ಉಕ್ರೇನಿಗೆ ಸೇರಿರುವ ಲ್ವೀವ್ ನಗರದ ಪೊಪಿಯೆಲ್ಸ್ಕಿ ಎಂಬ ವಿಜ್ಞಾನಿ ನಾಯಿಯ ಚರ್ಮದಡಿ ಹಿಸ್ಟಮಿನ್ ಚುಚ್ಚಿ ನೋಡಿದ್ದ. ಅದರ ಹೊಟ್ಟೆಯಲ್ಲಿ ಆಮ್ಲ ಹರಿಯತೊಡಗಿತು. 1920ರಲ್ಲಿ ಈ ವರದಿ ಪ್ರಕಟವಾಯಿತು. ಹುಣ್ಣಿನ ಔಷಧಕ್ಕೆ ಬೇಕಾದ ಸುಳಿವು ಇಲ್ಲೇ ಇತ್ತು. ಆದರೆ ಅದನ್ನು ಹಿಡಿದು ಹೊರಡಲು ನಾಲ್ಕು ದಶಕಗಳೇ ಹಿಡಿದವು.

1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮಾರಿ ಸ್ಟೌಬ್ ಹಿಸ್ಟಮಿನ್ನನ್ನು ತಡೆಯುವ ಮೊದಲ ವಸ್ತು ಕಂಡುಹಿಡಿದರು. ಮನುಷ್ಯರಿಗೆ ಕೊಡಬಹುದಾದ ಮಾತ್ರೆಗಳು 1940ರ ದಶಕದಲ್ಲಿ ಬಂದವು. ತುರಿಕೆ, ಸೀನು, ಮೂಗು ಸೋರುವುದು ನಿಂತವು, ಜೊತೆಗೆ ನಿದ್ದೆಯೂ ಬರುತ್ತಿತ್ತು. ಅವಿಲ್ ಈ ವಂಶದ್ದೇ. ಬೊವೆಗೆ 1957ರಲ್ಲಿ ನೊಬೆಲ್ ಬಂತು. ಆದರೆ ಹೊಟ್ಟೆಯ ಆಮ್ಲ ಮಾತ್ರ ಈ ಮಾತ್ರೆಗಳಿಗೆ ಜಗ್ಗಲಿಲ್ಲ.

ಆ ಕಾಲದಲ್ಲಿ ಹೊಟ್ಟೆಹುಣ್ಣು ಅಂದರೆ ಏನು ಅಂತ ಈಗಿನವರಿಗೆ ಊಹಿಸುವುದೂ ಕಷ್ಟ. ಅಮೆರಿಕದಲ್ಲಿ ರೋಗಿಗೆ ಗಂಟೆಗೊಮ್ಮೆ ಹಾಲು, ಕೆನೆ ಕುಡಿಸುತ್ತಿದ್ದರು. ಆಮ್ಲ ತಗ್ಗಿಸುವ ಪುಡಿ ಕೊಡುತ್ತಿದ್ದರು. ಖಾರ, ಹುಳಿ ಎಲ್ಲ ಬಂದ್. ಅದಕ್ಕೂ ಬಗ್ಗದಿದ್ದರೆ ಆಪರೇಷನ್: ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವುದು, ಇಲ್ಲವೇ ಆಮ್ಲ ಸುರಿಸಲು ಹೇಳುವ ನರವನ್ನು ಕತ್ತರಿಸುವುದು. ಹುಣ್ಣು ತೂತಾಗಿ ಸತ್ತವರು, ರಕ್ತ ಸೋರಿ ಸತ್ತವರು ಬಹಳ.

1964ರಲ್ಲಿ ಸ್ಕಾಟ್ಲೆಂಡ್ ಮೂಲದ ಜೇಮ್ಸ್ ಬ್ಲ್ಯಾಕ್ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿದ್ದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ ಸೇರಿದ. ಅದಕ್ಕೂ ಮೊದಲು ಇನ್ನೊಂದು ಕಂಪನಿಯಲ್ಲಿ ಹೃದಯದ ಪ್ರೊಪ್ರನೊಲಾಲ್ ಔಷಧ ರೂಪಿಸಿದ್ದವ. ಅವನ ಯೋಚನೆ ಸರಳ. ಹಿಸ್ಟಮಿನ್ ಒಂದು ಕೀಲಿಕೈ ಇದ್ದ ಹಾಗೆ. ಅದು ತೆರೆಯುವ ಬೀಗಗಳು ಎರಡು ಬಗೆಯವು ಇರಬೇಕು. ಅವಿಲ್‌ನಂಥ ಮಾತ್ರೆ ಒಂದು ಬೀಗದ ತೂತಿಗೆ ಕಡ್ಡಿ ಸಿಕ್ಕಿಸಿದಂತೆ ಕೂರುತ್ತದೆ, ಆದರೆ ಜಠರದಲ್ಲಿರುವುದು ಬೇರೆಯೇ ಬೀಗ. 1966ರಲ್ಲಿ ಲಂಡನ್ನಿನ ಆಶ್ ಮತ್ತು ಶಿಲ್ಡ್ ಮೊದಲ ಬೀಗಕ್ಕೆ ಎಚ್1 ಎಂದು ಹೆಸರಿಟ್ಟರು. ಎರಡನೆಯದಕ್ಕೆ ಹೆಸರಿಡುವ ಮೊದಲು ಅದು ಇದೆ ಅಂತ ಯಾರಾದರೂ ತೋರಿಸಬೇಕಿತ್ತಲ್ಲ.

ಬ್ಲ್ಯಾಕ್ ಜೊತೆಗಿದ್ದ ಗ್ಯಾನೆಲಿನ್, ಡ್ಯೂರಂಟ್, ಎಮೆಟ್ ಮುಂತಾದ ರಸಾಯನಶಾಸ್ತ್ರಜ್ಞರು ಹಿಸ್ಟಮಿನ್ನಿನ ರಚನೆಯನ್ನೇ ಸ್ವಲ್ಪ ಸ್ವಲ್ಪ ಬದಲಿಸಿ ನೂರಾರು ವಸ್ತು ತಯಾರಿಸಿದರು. ವರ್ಷಗಟ್ಟಲೆ ಒಂದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ 1972ರಲ್ಲಿ ಬುರಿಮಮೈಡ್ ಎಂಬ ವಸ್ತುವಿನ ವಿವರ ಪ್ರಕಟವಾಯಿತು. ಆಮ್ಲ ನಿಂತಿತು, ಎಚ್2 ಎಂಬ ಎರಡನೆಯ ಬೀಗ ಇರುವುದು ಸಾಬೀತಾಯಿತು. ಆದರೆ ಬಾಯಿಂದ ನುಂಗಿದರೆ ಅದರ ಶಕ್ತಿ ಸಾಲದು. ಮುಂದೆ ಬಂದ ಮೆಟಿಯಮೈಡ್ ನುಂಗಲು ಚೆನ್ನಾಗಿತ್ತು, ಆದರೆ ಕೆಲವು ರೋಗಿಗಳ ರಕ್ತದಲ್ಲಿ ಬಿಳಿ ಕಣಗಳು ಅಪಾಯಕಾರಿಯಾಗಿ ಇಳಿದವು. ಅದನ್ನೂ ಬಿಡಬೇಕಾಯಿತು. ಅಣುವಿನ ಒಂದು ತುಂಡನ್ನು ಬದಲಿಸಿ ಮಾಡಿದ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಗ್ಲ್ಯಾಕ್ಸೊ ಕಂಪನಿಯ ರಾನಿಟಿಡಿನ್ ಬಂದದ್ದು 1981ರಲ್ಲಿ. ನಮ್ಮ ರಾಂಟ್ಯಾಕ್, ಅಸಿಲಾಕ್ ಎರಡರೊಳಗೂ ಇರುವುದು ಇದೇ ರಾನಿಟಿಡಿನ್. ಆಪರೇಷನ್ ಥಿಯೇಟರಿಗೆ ಹೋಗುತ್ತಿದ್ದ ಎಷ್ಟೋ ಜನ ಮಾತ್ರೆ ಹಿಡಿದು ಮನೆಗೆ ಹೋದರು. 1988ರ ನೊಬೆಲ್ ಹಂಚಿಕೆಯಲ್ಲಿ ಬ್ಲ್ಯಾಕ್‌ಗೂ ಪಾಲು ಸಿಕ್ಕಿತು.

ಇಲ್ಲಿಗೇ ಕತೆ ಮುಗಿದಿದ್ದರೆ ಕಂಪನಿಗಳಿಗೆ ಬಹಳ ಅನುಕೂಲವಿತ್ತು. ಯಾಕೆಂದರೆ ಮಾತ್ರೆ ನಿಲ್ಲಿಸಿದರೆ ಬಹಳ ಜನರಿಗೆ ವರ್ಷದೊಳಗೇ ಹುಣ್ಣು ಮತ್ತೆ ಬರುತ್ತಿತ್ತು, ಮತ್ತೆ ಮಾತ್ರೆ ಕೊಳ್ಳುತ್ತಿದ್ದರು.

ಯಾಕೆ ಹೀಗೆ ಅಂತ ತಿಳಿಯಲು ಜಠರದ ಒಳಪೊರೆಯನ್ನು ನೋಡಬೇಕು. ಜಠರದ ಆಮ್ಲ ಮಾಂಸವನ್ನೇ ಕರಗಿಸುವಷ್ಟು ಖಡಕ್ಕು. ಅದು ಜಠರವನ್ನೇ ಕರಗಿಸದಿರುವುದು ಒಳಪೊರೆಯ ಮೇಲಿನ ಲೋಳೆಯಿಂದ. ಲೋಳೆಯೊಳಗೆ ಸೋಡಾದಂಥ ಕ್ಷಾರ ಸೇರಿ, ಒಳಬರುವ ಆಮ್ಲವನ್ನು ಅಲ್ಲೇ ತಣಿಸುತ್ತದೆ. ಮೇಲ್ಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಒಂದು ರೀತಿ ದಿನಾ ಸಾರಿಸುವ ನೆಲ. ಈ ರಕ್ಷಣೆ ಹರಿದಾಗ ಹುಣ್ಣಾಗುತ್ತದೆ. ಆಮ್ಲ ಕಡಿಮೆ ಮಾಡಿದರೆ ಹುಣ್ಣು ಮಾಯುತ್ತದೆ ಸರಿ, ಆದರೆ ಹರಿದದ್ದು ಯಾತರಿಂದ?

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ವೈದ್ಯ 1979ರಿಂದಲೇ ರೋಗಿಗಳ ಜಠರದ ತುಣುಕುಗಳಲ್ಲಿ ಸೊಟ್ಟ ಬ್ಯಾಕ್ಟೀರಿಯಾ ನೋಡುತ್ತಿದ್ದ. ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುವುದುಂಟೆ ಅಂತ ಉಳಿದವರು ನಕ್ಕರು. ಯುವ ವೈದ್ಯ ಬ್ಯಾರಿ ಮಾರ್ಷಲ್ ಜೊತೆಯಾದ. ಪ್ರಯೋಗಾಲಯದಲ್ಲಿ ಬೆಳೆಸಲು ಎಷ್ಟು ಸಲ ನೋಡಿದರೂ ಬರಲಿಲ್ಲ, ಎರಡು ದಿನಕ್ಕೆ ತಟ್ಟೆ ಎಸೆದುಬಿಡುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹಾಗೇ ಉಳಿದುಬಿಟ್ಟವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು! ನಿಧಾನಕ್ಕೆ ಬೆಳೆಯುವ ಜೀವಿ ಅದು, ಅಷ್ಟೇ. ಆದರೂ ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾನೇ ಅದನ್ನು ಕುಡಿದ. ವಾರದೊಳಗೆ ವಾಂತಿ, ಬಾಯಿ ವಾಸನೆ. ಒಳಪೊರೆ ಊದಿಕೊಂಡಿದ್ದು ಪರೀಕ್ಷೆಯಲ್ಲಿ ಕಂಡಿತು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಈ ಜೀವಿ ಅಮೋನಿಯಾ ಬಿಟ್ಟು ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು ಲೋಳೆಯ ಕೆಳಗೆ ವಾಸ ಮಾಡುತ್ತದೆ. ಮಾರ್ಷಲ್, ವಾರನ್ ಇಬ್ಬರಿಗೂ 2005ರಲ್ಲಿ ನೊಬೆಲ್ ಸಿಕ್ಕಿತು. ಈಗ ಮಲದ ಪರೀಕ್ಷೆ, ಉಸಿರಿನ ಪರೀಕ್ಷೆ ಅಥವಾ ಎಂಡೋಸ್ಕೋಪಿಯಲ್ಲಿ ಇದು ಸಿಕ್ಕರೆ, ಆಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ ಸೇರಿಸಿ ಸುಮಾರು ಎರಡು ವಾರದ ಕೋರ್ಸ್ ಕೊಡುತ್ತಾರೆ.

ಒಳಪೊರೆ ಹರಿಯುವ ಇನ್ನೊಂದು ದೊಡ್ಡ ಕಾರಣ ನಮ್ಮ ಜೇಬಿನಲ್ಲೇ ಇರುತ್ತದೆ. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ತಡೆಯುತ್ತವೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದ. ನೋವು ಇಳಿಯುವುದು ಅದರಿಂದಲೇ, ಲೋಳೆ ತೆಳುವಾಗುವುದೂ ಅದರಿಂದಲೇ. ಕಳೆ ತೆಗೆದು ಸೊಂಟ ಹಿಡಿದವರು, ಕಬ್ಬು ಕಡಿದು ಕೈ ಸೋತವರು ನೋವಿನ ಮಾತ್ರೆಯ ಜೊತೆ ಒಂದು ಗ್ಯಾಸಿನ ಮಾತ್ರೆ ಕೇಳಿ ತರುವುದು ರೂಢಿ. ಅದು ಇದ್ದರೆ ಭಯವಿಲ್ಲ ಅನ್ನುವ ನಂಬಿಕೆ ಪೂರ್ತಿ ನಿಜವಲ್ಲ. ನೋವಿನ ಮಾತ್ರೆಯಿಂದ ಜಠರದಲ್ಲಾಗುವ ಹುಣ್ಣನ್ನು ಸಾಮಾನ್ಯ ಪ್ರಮಾಣದ ರಾನಿಟಿಡಿನ್ ಸರಿಯಾಗಿ ತಡೆಯುವುದಿಲ್ಲ. ಉರಿ ಮಾತ್ರ ಅಡಗಿಬಿಡಬಹುದು, ಒಳಗೆ ಹುಣ್ಣು ಬೆಳೆಯುತ್ತಿದ್ದರೂ ಗೊತ್ತಾಗದೆ ಹೋಗಬಹುದು.

ರಾನಿಟಿಡಿನ್‌ನದೇ ಕತೆ ಆಮೇಲೆ ಬೇರೆ ದಾರಿ ಹಿಡಿಯಿತು. 2019ರಲ್ಲಿ ಅದರಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ವಸ್ತು ಕಂಡುಬಂತು. ಹೆಚ್ಚು ದಿನ ಇಟ್ಟರೆ, ಬಿಸಿ ತಾಗಿದರೆ ಅದು ಹೆಚ್ಚುತ್ತದೆ ಎಂದು ತಿಳಿದು 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಲ್ಲ ರಾನಿಟಿಡಿನ್ ವಾಪಸ್ ಪಡೆಯಲು ಹೇಳಿದರು. ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಅದನ್ನು ಕೈಬಿಡಲಾಯಿತು. ಅದೇ ಎಚ್2 ಬೀಗ ಮುಚ್ಚುವ ಫ್ಯಾಮೊಟಿಡಿನ್‌ನಲ್ಲಿ ಈ ತೊಂದರೆ ಕಂಡುಬಂದಿಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹಿಸ್ಟಮಿನ್ನಿನ ತಂಟೆಗೇ ಹೋಗದೆ, ಆಮ್ಲ ಹೊರಬೀಳುವ ಕೊನೆಯ ನಲ್ಲಿಯನ್ನೇ ಮುಚ್ಚುತ್ತವೆ. ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಮಲ ಹೋದರೆ, ರಕ್ತ ವಾಂತಿಯಾದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಇವು ಯಾವುದನ್ನೂ ನುಂಗಿ ಕಾಯುವ ಹೊತ್ತಲ್ಲ. ರಕ್ತ ವಾಂತಿ, ಕಪ್ಪು ಮಲ ಕಂಡರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ತಿನ್ನುತ್ತಿದ್ದ ನೋವಿನ ಮಾತ್ರೆಯ ಖಾಲಿ ಪಟ್ಟಿಯನ್ನೂ ಒಯ್ದರೆ ಡಾಕ್ಟರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.